ಮಣಿಯದ ಭುಜ

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಊರು. ಭೂಮಿಯ ಒಡಲಿಗೆ ಸಾವಿರಾರು ಅಡಿ ಇಳಿದು, ಬಂಡೆಯನ್ನು ಕೊರೆದು, ಸಿಡಿಸಿ, ಮೇಲಕ್ಕೆ ತಂದು, ನುಣ್ಣಗೆ ಅರೆದು ಸಂಸ್ಕರಿಸಿದ ಮೇಲೆ ಒಂದು ಟನ್ ಅದಿರಿನಿಂದ ಕೈಗೆ ಬರುವ ಚಿನ್ನ ಕೆಲವೇ ಗ್ರಾಮು. ಕೋಲಾರದ ಗಣಿ 2001ರಲ್ಲಿ ಬಾಗಿಲು ಹಾಕಿತು. ಹಟ್ಟಿಯ ಗಣಿ ಆ ಬಳಿಕವೂ ನಡೆದು ಬಂದಿದೆ. ಇಂಥ ಊರಿನಲ್ಲಿ ದುಡಿಯುವವನ ಬಂಡವಾಳವೆಂದರೆ ಅವನ ಹೆಗಲು. ಕೊರೆಯುವ ಯಂತ್ರದ ಅದುರಾಟವನ್ನು ಪಾಳಿಯುದ್ದಕ್ಕೂ ತಾಳಬೇಕಾದ ತೋಳಿಗೆ ಪೆಟ್ಟು ಬಿದ್ದಿತೆಂದರೆ ಮನೆಮಂದಿಯೆಲ್ಲರನ್ನೂ ಕಾಡುವುದು ಒಂದೇ ಪ್ರಶ್ನೆ: ಆ ಕೈ ಇನ್ನು ಹಿಂದಿನಂತೆ ಮೇಲೇಳುವುದೇ?

ಗಣಿ ಕಾರ್ಮಿಕನ ಪಾಲಿಗೆ ಈ ಪ್ರಶ್ನೆ ಎಷ್ಟು ಕಠೋರವೋ ಕ್ರೀಡಾಪಟುವಿನ ಪಾಲಿಗೂ ಅಷ್ಟೇ ಕಠೋರ. ಒಬ್ಬನಿಗೆ ಅನ್ನದ ದಾರಿ ಮುಚ್ಚುವ ಭಯ. ಇನ್ನೊಬ್ಬನಿಗೆ, ಬಾಲ್ಯದಿಂದ ತಾನು ಯಾವುದಕ್ಕಾಗಿ ಬದುಕಿದನೋ ಅದೇ ಕೈಬಿಟ್ಟು ಹೋಗುವ ಭಯ. ಹಟ್ಟಿಯ ಬಯಲಿನಲ್ಲಿ ಸಂಜೆ ಕ್ರಿಕೆಟ್ ಆಡುವ ಹುಡುಗರಿಗೂ ಚಿರಪರಿಚಿತವಾದ ಹೆಸರೊಂದಿದೆ. ಆ ಹೆಸರಿನ ಒಡೆಯರು ಮೂವತ್ತರ ವಯಸ್ಸಿನಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿದರು. ಅವರೇ ಅನಿಲ್ ಕುಂಬ್ಳೆ.

ಕುಂಬಳೆಯಿಂದ ಬಸವನಗುಡಿಗೆ

ಅನಿಲ್ ಕುಂಬ್ಳೆಯವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1970ರ ಅಕ್ಟೋಬರ್ 17ರಂದು. ಆದರೆ ಅವರ ಹೆಸರಿನೊಡನೆ ಅಂಟಿಬಂದ ಊರು ಕಾಸರಗೋಡಿನ ಕುಂಬಳೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನೊಡನೆಯೂ ಸೇರಿಕೊಂಡಿರುವ ಊರು ಅದು. ರಾಜ್ಯಗಳ ಗಡಿಗೆರೆ ಕುಂಬಳೆಯನ್ನು ಕೇರಳಕ್ಕೆ ಸೇರಿಸಿದರೂ ಕನ್ನಡಿಗರ ಕಿವಿಗೆ ಆ ಹೆಸರು ಎಂದೂ ಪರಕೀಯವಾಗಿ ಕೇಳಿಸಿಲ್ಲ.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲು, ಅನಂತರ ಅದೇ ಬಡಾವಣೆಯ ನ್ಯಾಷನಲ್ ಕಾಲೇಜು, ಬಳಿಕ ರಾಷ್ಟ್ರೀಯ ವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜು. ಕೈಯಲ್ಲಿ ಯಂತ್ರಶಾಸ್ತ್ರದ ಪದವಿ, ಮೂಗಿನ ಮೇಲೆ ಕನ್ನಡಕ, ನೀಳವಾದ ದೇಹ. ಮೈದಾನಕ್ಕಿಂತ ಗ್ರಂಥಾಲಯವೇ ಈತನಿಗೆ ಒಪ್ಪುವ ಸ್ಥಳವೆಂದು ನೋಡಿದವರು ಹೇಳಬಹುದಾಗಿದ್ದ ರೂಪು ಅದು. 1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡಿನ ಎದುರು ಮೊದಲ ಟೆಸ್ಟ್ ಪಂದ್ಯವನ್ನಾಡಿದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಅದರ ಹಿಂದೆಯೇ ತಂಡದಿಂದ ಹೊರಗೆ ಬಿದ್ದರು. ಎರಡು ವರ್ಷ ಯಾರೂ ಕೇಳಲಿಲ್ಲ. 1992ರಲ್ಲಿ ಇರಾನಿ ಟ್ರೋಫಿ ಪಂದ್ಯವೊಂದರಲ್ಲಿ 13 ವಿಕೆಟ್ಟುಗಳನ್ನು ಕಿತ್ತ ಮೇಲೆ ಆಯ್ಕೆಗಾರರ ಕಣ್ಣು ಮತ್ತೆ ಅವರತ್ತ ಹೊರಳಿತು. ಹೊರಗೆ ಬಿದ್ದವನು ದೂರಿನಿಂದಲ್ಲ, ದುಡಿಮೆಯಿಂದಲೇ ಒಳಗೆ ಬರಬೇಕೆಂಬ ಪಾಠ ಅವರಿಗೆ ಅಷ್ಟು ಚಿಕ್ಕಂದಿನಲ್ಲೇ ದೊರೆಯಿತು. ಮುಂದೆ ಅದು ಉಪಯೋಗಕ್ಕೆ ಬಂದ ಬಗೆಯೇ ಈ ಬರಹದ ವಸ್ತು.

ಕುಂಬ್ಳೆಯವರ ಬೌಲಿಂಗು ಲೆಗ್ ಸ್ಪಿನ್ ಎಂದು ಹೆಸರಾಗಿದ್ದರೂ ಹಳೆಯ ಮಾದರಿಯದಲ್ಲ. ಚೆಂಡನ್ನು ಗಾಳಿಯಲ್ಲಿ ತೇಲಿಸಿ, ನೆಲಕ್ಕೆ ಬಿದ್ದೊಡನೆ ಮೊಳದಷ್ಟು ತಿರುಗಿಸುವುದು ಅವರ ರೀತಿಯಾಗಿರಲಿಲ್ಲ. ತೋಳನ್ನು ನೆಟ್ಟಗೆ ಮೇಲೆತ್ತಿ, ಎತ್ತರದಿಂದ ರಭಸವಾಗಿ ನೆಲಕ್ಕಿಳಿಸಿದ ಚೆಂಡು ಚಂಗನೆ ಪುಟಿದು ದಾಂಡಿಗನ ಕಾಲಿಗೋ ಗೂಟಕ್ಕೋ ನುಗ್ಗುತ್ತಿತ್ತು. ಚೆಂಡು ತಿರುಗುವುದೇ ಇಲ್ಲವೆಂದು ಟೀಕಿಸಿದವರು ಬಹಳ ಮಂದಿ. ಟೀಕೆಗೆ ಉತ್ತರವನ್ನು ಅಂಕಪಟ್ಟಿಯೇ ಕೊಟ್ಟಿತು. 1993ರ ನವೆಂಬರಿನಲ್ಲಿ ಕೋಲ್ಕತ್ತದಲ್ಲಿ ನಡೆದ ಹೀರೋ ಕಪ್ ಅಂತಿಮ ಪಂದ್ಯದಲ್ಲಿ ವೆಸ್ಟ್ ಇಂಡೀಸಿನ 6 ವಿಕೆಟ್ಟುಗಳನ್ನು ಕೇವಲ 12 ರನ್ನುಗಳಿಗೆ ಉರುಳಿಸಿದರು. 1995ರಲ್ಲಿ ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರ್ ತಂಡಕ್ಕಾಗಿ ಆಡಿ ಒಂದೇ ಋತುವಿನಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು.

ಇನ್ನು 1999ರ ಫೆಬ್ರುವರಿ 7ರ ಮಾತು. ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಗೆಲ್ಲಲು 420 ರನ್ನು ಬೇಕಿದ್ದ ಪಾಕಿಸ್ತಾನ ಒಂದು ವಿಕೆಟ್ಟನ್ನೂ ಕಳೆದುಕೊಳ್ಳದೆ ನೂರನ್ನು ದಾಟಿತ್ತು. ಅಲ್ಲಿಂದಾಚೆಗೆ ಬಿದ್ದ ಹತ್ತು ವಿಕೆಟ್ಟುಗಳೂ ಕುಂಬ್ಳೆಯವರವು: 26.3 ಓವರು, 74 ರನ್ನು, 10 ವಿಕೆಟ್ಟು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಅದಕ್ಕೆ ಹಿಂದೆ ಈ ಸಾಧನೆ ಮಾಡಿದ್ದವರು ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ, 1956ರಲ್ಲಿ. ಒಂಬತ್ತನೆಯ ವಿಕೆಟ್ಟು ಬಿದ್ದ ಮೇಲೆ ಮತ್ತೊಂದು ತುದಿಯಿಂದ ಬೌಲ್ ಮಾಡುತ್ತಿದ್ದ ಮೈಸೂರಿನ ಜಾವಗಲ್ ಶ್ರೀನಾಥರು, ತಮಗೆ ವಿಕೆಟ್ಟು ಸಿಕ್ಕೀತೆಂಬ ಅಂಜಿಕೆಯಿಂದ ಚೆಂಡನ್ನು ಗೂಟಗಳಿಂದ ದೂರವೇ ಎಸೆಯುತ್ತಿದ್ದರು. ಗೆಳೆತನದ ಆ ಒಂದು ಓವರನ್ನು ಕನ್ನಡಿಗರು ಇನ್ನೂ ನೆನೆಯುತ್ತಾರೆ.

ಕೀಲು ಕೈಕೊಟ್ಟಾಗ

ಕೀರ್ತಿಯ ಈ ಶಿಖರದಿಂದ ಎರಡು ವರ್ಷ ಕಳೆಯುವುದರೊಳಗೆ ಬಲಭುಜ ನೋಯತೊಡಗಿತು.

ಮನುಷ್ಯದೇಹದ ಕೀಲುಗಳಲ್ಲೆಲ್ಲ ಅತ್ಯಂತ ಸ್ವತಂತ್ರವಾದುದು ಭುಜದ ಕೀಲು. ಆದಕಾರಣವೇ ಅತ್ಯಂತ ದುರ್ಬಲವಾದುದೂ ಹೌದು. ಸೊಂಟದ ಕೀಲಿನಲ್ಲಿ ಮೂಳೆಯ ಗುಂಡು ಆಳವಾದ ಬಟ್ಟಲಿನಲ್ಲಿ ಕುಳಿತಿರುತ್ತದೆ. ಭುಜದಲ್ಲಿಯಾದರೋ ಆ ಬಟ್ಟಲು ಆಳವಿಲ್ಲದ ತಟ್ಟೆಯಂತಿದೆ. ತೋಳಿನ ಮೂಳೆಯ ತಲೆ ಅದರಿಂದ ಜಾರದಂತೆ ಸುತ್ತಲೂ ಹಿಡಿದು ನಿಲ್ಲಿಸಿರುವುದು ನಾಲ್ಕು ಸ್ನಾಯುಗಳು ಮತ್ತು ಅವುಗಳ ಕಂಡರಗಳು. ತೋಳನ್ನು ತಲೆಯ ಮೇಲಿನಿಂದ ಬೀಸಿದಾಗಲೆಲ್ಲ ಎಳೆತದ ಭಾರ ಅವುಗಳ ಮೇಲೆ ಬೀಳುತ್ತದೆ. ಹಗ್ಗ ಕಲ್ಲನ್ನು ಸವೆಸುವುದು ಲೋಕಕ್ಕೆ ಗೊತ್ತು. ಹಗ್ಗವೂ ಸವೆಯುತ್ತದೆಂಬುದು ಬಾವಿ ಸೇದುವವರಿಗೆ ಗೊತ್ತು. ಹತ್ತು ವರ್ಷ, ದಿನವೂ ಮೈದಾನದಲ್ಲಿ, ಅಭ್ಯಾಸದ ಬಲೆಯೊಳಗೆ ಸಾವಿರ ಸಾವಿರ ಸಲ ಎತ್ತಿ ಇಳಿಸಿದ ತೋಳು ಅದು.

ಶ್ರೀನಾಥರು ಇದಕ್ಕೆ ಮುನ್ನ, 1997ರಲ್ಲಿ, ಭುಜದ ಶಸ್ತ್ರಚಿಕಿತ್ಸೆಗೊಳಗಾಗಿ ಮರಳಿ ಬಂದಿದ್ದರು. ಆದರೆ ಕುಂಬ್ಳೆಯವರ ಬೌಲಿಂಗೆಲ್ಲ ನಿಂತಿದ್ದುದು ಆ ನೆಟ್ಟನೆಯ ತೋಳಿನ ಎತ್ತರದ ಮೇಲೆ. ತೋಳು ಎರಡಂಗುಲ ತಗ್ಗಿದರೂ ಚೆಂಡಿನ ಪುಟಿತ ಹೋಯಿತು; ಪುಟಿತ ಹೋದರೆ ಬೌಲರೇ ಹೋದಂತೆ. 2001ರ ಆರಂಭದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು.

ಇಂಥ ಚಿಕಿತ್ಸೆಯಲ್ಲಿ ವೈದ್ಯರ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ರೋಗಿಯ ಕೆಲಸ ಅನಂತರ ಆರಂಭವಾಗುತ್ತದೆ. ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿಕೊಂಡ ವಾರಗಳು. ಬೇರೊಬ್ಬರು ತೋಳನ್ನು ಹಿಡಿದು ಮೆಲ್ಲನೆ ಆಡಿಸುವ ದಿನಗಳು. ಮಗುವೂ ಎತ್ತಬಲ್ಲ ಭಾರವನ್ನು ಎತ್ತಿ ಇಳಿಸುವ ವ್ಯಾಯಾಮ. ಚೆಂಡನ್ನು ಕೈಗೆ ತೆಗೆದುಕೊಳ್ಳುವುದು ಎಷ್ಟೋ ತಿಂಗಳ ಅನಂತರ. ಅದೂ ಮೊದಲು ನಿಂತಲ್ಲಿಂದ, ಬಳಿಕ ಎರಡು ಹೆಜ್ಜೆಯಿಂದ, ಕಟ್ಟಕಡೆಗೆ ಪೂರ್ಣ ಓಟದಿಂದ. ಇದರಲ್ಲಿ ಪ್ರೇಕ್ಷಕರ ಚಪ್ಪಾಳೆಯಿಲ್ಲ, ಪತ್ರಿಕೆಯ ಚಿತ್ರವಿಲ್ಲ. ದಿನಕ್ಕೊಂದು ಕೂದಲೆಳೆಯಷ್ಟು ಮುನ್ನಡೆ. ಅವಸರಪಟ್ಟರೆ ಮೊದಲಿನ ಸ್ಥಿತಿಗೇ ಹಿನ್ನಡೆ.

ಅದೇ ಹೊತ್ತಿನಲ್ಲಿ ಹೊರಗೆ ಏನು ನಡೆಯಿತೆಂಬುದನ್ನು ಓದುಗರು ನೆನಪಿಸಿಕೊಳ್ಳಬೇಕು. 2001ರ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಸ್ಟೀವ್ ವಾ ನಾಯಕತ್ವದ ಆಸ್ಟ್ರೇಲಿಯಾ ಭಾರತಕ್ಕೆ ಬಂದಿತು. ಕೋಲ್ಕತ್ತದಲ್ಲಿ ಲಕ್ಷ್ಮಣರ 281, ದ್ರಾವಿಡರ 180. ಸೋಲಿನ ದವಡೆಯಿಂದ ಕಿತ್ತುಕೊಂಡ ಗೆಲುವು. ಮೂರು ಟೆಸ್ಟುಗಳಲ್ಲಿ 32 ವಿಕೆಟ್ ಪಡೆದ ತರುಣ ಹರ್ಭಜನ್ ಸಿಂಗರನ್ನು ದೇಶವೇ ಹೊತ್ತು ಮೆರೆಸಿತು. ದಶಕದ ಕಾಲ ಭಾರತದ ಸ್ಪಿನ್ ಬೌಲಿಂಗಿನ ಭಾರ ಹೊತ್ತಿದ್ದ ಹೆಗಲು ಆಗ ಚಿಕಿತ್ಸೆಯಲ್ಲಿತ್ತು. ದೇಶದ ಅತ್ಯಂತ ಸಂಭ್ರಮದ ಸರಣಿ ತನ್ನನ್ನು ಬಿಟ್ಟೇ ನಡೆಯಿತೆಂಬುದು ಯಾವ ಆಟಗಾರನಿಗೂ ಸುಲಭವಾಗಿ ನುಂಗುವ ತುತ್ತಲ್ಲ. ಗಾಯ ಮಾಯಬಹುದು, ಖಾಲಿಯಾದ ಜಾಗ ತುಂಬಿಬಿಟ್ಟರೆ ಮರಳಿ ಹೋಗುವುದೆಲ್ಲಿಗೆ?

ಆ ವರ್ಷದ ಕೊನೆಗೆ ಕುಂಬ್ಳೆಯವರು ಮರಳಿದರು. ದಕ್ಷಿಣ ಆಫ್ರಿಕಾದ ಪ್ರವಾಸದಲ್ಲಿ ಕೈ ಪಳಗಿಸಿಕೊಂಡು, ಡಿಸೆಂಬರಿನಲ್ಲಿ ಇಂಗ್ಲೆಂಡಿನ ಎದುರು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 300ನೆಯ ಟೆಸ್ಟ್ ವಿಕೆಟ್ಟನ್ನು ಪಡೆದರು. ತವರಿನ ಜನ ಎದ್ದುನಿಂತು ಹರಸಿದರು. ಕಥೆ ಇಲ್ಲಿಗೇ ಮುಗಿದಿದ್ದರೂ ಸುಖಾಂತವೇ ಆಗುತ್ತಿತ್ತು.

ಆಂಟಿಗಾದ ಹದಿನಾಲ್ಕು ಓವರು

ಆದರೆ ಐದು ತಿಂಗಳಲ್ಲಿ ಎರಡನೆಯ ಪೆಟ್ಟು ಬಿದ್ದಿತು. 2002ರ ಮೇ ತಿಂಗಳು. ವೆಸ್ಟ್ ಇಂಡೀಸಿನ ಆಂಟಿಗಾ ದ್ವೀಪದಲ್ಲಿ ನಾಲ್ಕನೆಯ ಟೆಸ್ಟು. ಬ್ಯಾಟು ಹಿಡಿದು ನಿಂತಿದ್ದ ಕುಂಬ್ಳೆಯವರ ದವಡೆಗೆ ಮರ್ವಿನ್ ಡಿಲನ್ನರ ಪುಟಿಚೆಂಡು ಬಂದು ಬಡಿಯಿತು. ಬಾಯಿಂದ ರಕ್ತ ಉಗುಳಿ ಅವರು ಮತ್ತೆ ಕೆಲಹೊತ್ತು ಆಡಿದರು. ಪರೀಕ್ಷಿಸಿ ನೋಡಿದಾಗ ದವಡೆ ಮುರಿದಿತ್ತು. ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಹೊರಡುವುದೆಂದು ನಿಶ್ಚಯವಾಯಿತು.

ವಿಮಾನ ಹತ್ತುವುದಕ್ಕೆ ಇನ್ನೂ ಸಮಯವಿತ್ತು. ವೆಸ್ಟ್ ಇಂಡೀಸಿನ ಸರದಿ ನಡೆದಿತ್ತು. ಗಲ್ಲದಿಂದ ನೆತ್ತಿಯವರೆಗೆ ಬಿಳಿಯ ಪಟ್ಟಿ ಸುತ್ತಿಕೊಂಡು ಕುಂಬ್ಳೆ ಮೈದಾನಕ್ಕಿಳಿದರು. ಒಂದೇ ಸಮನೆ 14 ಓವರು, 29 ರನ್ನು, ಒಂದು ವಿಕೆಟ್ಟು. ಆ ಒಂದು ವಿಕೆಟ್ಟು ಯಾರದು? ಬ್ರಯಾನ್ ಲಾರಾರದು, ಕೇವಲ 4 ರನ್ನಿಗೆ, ಗೂಟದ ಮುಂದೆ ಕಾಲು ಸಿಕ್ಕಿ. ಬಾಯಿ ತೆರೆದು ಕೂಗಲಾಗದವನು ಪಂಚರ ಮುಂದೆ ಕೈಯೆತ್ತಿ ಮನವಿ ಸಲ್ಲಿಸಿದ ಆ ಚಿತ್ರವನ್ನು ಕಂಡವರು ಮರೆತಿಲ್ಲ. ಮರುದಿನ ಅವರು ಊರಿಗೆ ಹೊರಟರು.

ಪಂದ್ಯ ಏನಾಯಿತು? ಸಮವಾಯಿತು. ವೆಸ್ಟ್ ಇಂಡೀಸು 600ಕ್ಕೂ ಮೀರಿ ರನ್ನು ಹೊಡೆಯಿತು. ಭಾರತದ ಹನ್ನೊಂದು ಮಂದಿಯೂ, ವಿಕೆಟ್ ಕೀಪರನೂ ಸೇರಿ, ಬೌಲ್ ಮಾಡಿದರು. ಹಾಗಾದರೆ ಆ ಹದಿನಾಲ್ಕು ಓವರುಗಳಿಂದ ಬಂದ ಲಾಭವೇನೆಂದು ಲೆಕ್ಕಿಗರು ಕೇಳಬಹುದು. ಅದು ವಿವೇಕವೋ ಹಟವೋ ಎಂದು ವೈದ್ಯರೂ ಕೇಳಬಹುದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮುರಿದ ಮೂಳೆಯೊಡನೆ ಆಟಕ್ಕಿಳಿಯುವುದು ಎಳೆಯರಿಗೆ ಹೇಳಿಕೊಡತಕ್ಕ ಪಾಠವಲ್ಲ. ಶಾಲೆಯ ಪಂದ್ಯದಲ್ಲಿ ಪೆಟ್ಟು ತಿಂದ ಹುಡುಗನನ್ನು ಮನೆಗೆ ಕರೆದೊಯ್ಯುವ ತಾಯಿಯೇ ಸರಿ. ಆದರೆ ಕುಂಬ್ಳೆಯವರು ಹುಡುಗರಾಗಿರಲಿಲ್ಲ. ಒಂದು ವರ್ಷವಿಡೀ ಮೈದಾನದ ಹೊರಗೆ ಕುಳಿತು, ಬೌಲ್ ಮಾಡಬಲ್ಲ ಒಂದೊಂದು ದಿನದ ಬೆಲೆಯೇನೆಂಬುದನ್ನು ಅರಿತು ಬಂದವರಾಗಿದ್ದರು. ತೋಳು ನೆಟ್ಟಗಿದೆ, ಕಾಲು ನೆಟ್ಟಗಿದೆ, ತಂಡಕ್ಕೆ ಬೌಲರ್ ಬೇಕಾಗಿದ್ದಾನೆ. ಅವರ ಪಾಲಿಗೆ ಲೆಕ್ಕ ಅಷ್ಟೇ ಆಗಿತ್ತು.

ಪಟ್ಟಿ ಬಿಚ್ಚಿದ ಮೇಲೆ

ಲೋಕ ಆಂಟಿಗಾದ ಚಿತ್ರವನ್ನು ಗೋಡೆಗೆ ತೂಗುಹಾಕಿತು. ನಿಜವಾದ ಪರೀಕ್ಷೆ ನಡೆದದ್ದು ಪಟ್ಟಿ ಬಿಚ್ಚಿದ ಮೇಲೆ. ಮೂರು ತಿಂಗಳಲ್ಲೇ, ಇಂಗ್ಲೆಂಡಿನ ಹೆಡಿಂಗ್ಲೆಯಲ್ಲಿ, 7 ವಿಕೆಟ್ ಪಡೆದು ಭಾರತದ ಇನಿಂಗ್ಸ್ ವಿಜಯಕ್ಕೆ ಅವರು ನೆರವಾದರು. ಆದರೂ ವಿದೇಶದಲ್ಲಿ ಒಬ್ಬ ಸ್ಪಿನ್ನರ್ ಸಾಕೆಂದಾಗ ಹರ್ಭಜನರ ಹೆಸರೇ ಮೊದಲು ಬರುತ್ತಿತ್ತು. 2003ರ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಕುಂಬ್ಳೆ ಹೊರಗಿನಿಂದ ನೋಡಬೇಕಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಸರಣಿ ಆರಂಭವಾದಾಗಲೂ ಹನ್ನೊಂದರಲ್ಲಿ ಅವರಿರಲಿಲ್ಲ. ವಯಸ್ಸು ಮೂವತ್ತಮೂರು. ಮೂಳೆ ಕೂಡಿಕೊಂಡಿತ್ತು, ಭುಜ ಗಟ್ಟಿಯಾಗಿತ್ತು; ಮುರಿಯುವ ಸ್ಥಿತಿಯಲ್ಲಿದ್ದುದು ಜನರ ನಂಬಿಕೆ.

ಹರ್ಭಜನರು ಗಾಯಗೊಂಡುದರಿಂದ ಅಡಿಲೇಡಿನಲ್ಲಿ ಕುಂಬ್ಳೆಯವರಿಗೆ ಕರೆ ಬಂದಿತು. ಒಬ್ಬರ ಗಾಯ ತೆರವು ಮಾಡಿದ ಜಾಗವನ್ನು ಹಿಂದೊಮ್ಮೆ ಮತ್ತೊಬ್ಬರು ತುಂಬಿದ್ದರು. ಈಗ ಚಕ್ರ ಒಂದು ಸುತ್ತು ತಿರುಗಿತ್ತು. ಅಡಿಲೇಡಿನ ಮೊದಲ ಸರದಿಯಲ್ಲಿ 5 ವಿಕೆಟ್ಟು. ದ್ರಾವಿಡರ ದ್ವಿಶತಕದೊಡನೆ ಭಾರತಕ್ಕೆ ಗೆಲುವು. ಮೆಲ್ಬರ್ನಿನ ಮೊದಲ ಸರದಿಯಲ್ಲಿ 6. ಸಿಡ್ನಿಯ ಮೊದಲ ಸರದಿಯಲ್ಲಿ 8, ಎರಡನೆಯದರಲ್ಲಿ 4. ಮೂರೇ ಪಂದ್ಯಗಳಲ್ಲಿ 24 ವಿಕೆಟ್ಟುಗಳು! ಹೊರದೇಶದಲ್ಲಿ ಕುಂಬ್ಳೆ ನಡೆಯುವುದಿಲ್ಲವೆಂಬ ಮಾತು ಸಿಡ್ನಿಯ ಕಡಲಿಗೆ ಬಿದ್ದಿತು. ಚೆಂಡಿನಲ್ಲಿ ಹೊಸ ಬಗೆಗಳು ಕಾಣಿಸಿಕೊಂಡಿದ್ದವು: ನಿಧಾನವಾದ ಎಸೆತಗಳು, ಚೆನ್ನಾಗಿ ತಿರುಗುವ ಗೂಗ್ಲಿ. ದೇಹ ಮೊದಲಿನಂತೆ ಕೊಡದಿದ್ದುದನ್ನು ಬುದ್ಧಿ ತುಂಬಿಕೊಟ್ಟಿತ್ತು.

ಅನಂತರದ ಕಥೆಯನ್ನು ಬೇಗ ಹೇಳಬಹುದು. 2004ರಲ್ಲಿ ಮುಲ್ತಾನಿನಲ್ಲಿ 6 ವಿಕೆಟ್ಟು, ಪಾಕಿಸ್ತಾನದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ವಿಜಯ. ಅದೇ ವರ್ಷ ಚೆನ್ನೈಯಲ್ಲಿ ಆಸ್ಟ್ರೇಲಿಯಾದ ಎದುರು 13. ಢಾಕಾದಲ್ಲಿ ಕಪಿಲ್ ದೇವರ 434ರ ದಾಖಲೆಯ ಅತಿಕ್ರಮಣ. 2006ರಲ್ಲಿ 500. 2007ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ, 118ನೆಯ ಟೆಸ್ಟಿನಲ್ಲಿ, ಬ್ಯಾಟಿನಿಂದ ಮೊದಲ ಶತಕ. ಅದೇ ವರ್ಷ ಮೂವತ್ತೇಳರ ವಯಸ್ಸಿನಲ್ಲಿ ಭಾರತದ ನಾಯಕತ್ವ. 2008ರ ಜನವರಿಯಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿದ ಪಂದ್ಯದಲ್ಲೇ 600ನೆಯ ವಿಕೆಟ್ಟು.

ಸಾಗರದಾಚೆಯ ಒಂದು ತೋಳು

ಅಮೆರಿಕದವರ ಫುಟ್‌ಬಾಲ್ ನಮ್ಮ ಫುಟ್‌ಬಾಲಿನಂತಲ್ಲ. ಅಲ್ಲಿ ಚೆಂಡನ್ನು ಕೈಯಿಂದ ಎಸೆಯುತ್ತಾರೆ. ಹಾಗೆ ಎಸೆದು ಆಟವನ್ನು ನಡೆಸುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ನಮ್ಮ ಬೌಲರನಿಗೆ ತೋಳು ಹೇಗೋ ಅವನಿಗೂ ಹಾಗೆಯೇ. 2005ರ ಡಿಸೆಂಬರ್ 31ರಂದು ಡ್ರೂ ಬ್ರೀಸ್ ಎಂಬ ಕ್ವಾರ್ಟರ್‌ಬ್ಯಾಕ್ ಆಟಗಾರನ ಎಸೆಯುವ ಭುಜವೇ ಕೀಲುತಪ್ಪಿತು. ಮರಳುವನೆಂದು ನಂಬಿದವರು ಕಡಿಮೆ. ಚಂಡಮಾರುತದಿಂದ ಹಾಳುಬಿದ್ದಿದ್ದ ನ್ಯೂ ಆರ್ಲಿಯನ್ಸ್ ನಗರದ ತಂಡ ಅವನನ್ನು ಕರೆದುಕೊಂಡಿತು. ನಾಲ್ಕು ವರ್ಷಗಳ ಬಳಿಕ, 2010ರ ಫೆಬ್ರುವರಿ 7ರಂದು, ಅವನು ಆ ತಂಡಕ್ಕೆ ದೇಶದ ಅತ್ಯುನ್ನತ ಪ್ರಶಸ್ತಿಯನ್ನು ಗೆದ್ದುಕೊಟ್ಟನು. ಕೋಟ್ಲಾದಲ್ಲಿ ಕುಂಬ್ಳೆಯವರು ಹತ್ತು ವಿಕೆಟ್ ಪಡೆದುದೂ ಫೆಬ್ರುವರಿ 7ರಂದೇ ಎಂಬುದು ಕಾಕತಾಳೀಯ. ಆದರೆ ನೆಲ ಬೇರೆ, ಆಟ ಬೇರೆಯಾದರೂ ಮುರಿದ ಭುಜ ಮರಳಿ ಏಳುವ ದಾರಿ ಒಂದೇ ಎಂಬುದು ಕಾಕತಾಳೀಯವಲ್ಲ.

ನಮ್ಮ ರನ್ನನ ಗದಾಯುದ್ಧದಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆ. ವೀರನ ಕಥೆ ಅಲ್ಲಿಗೆ ಮುಗಿಯುತ್ತದೆ. ಕಾವ್ಯದಲ್ಲಿ ಅದು ಹಾಗೆಯೇ ಆಗಬೇಕು. ಬಾಳಿನಲ್ಲಾದರೋ ಮೂಳೆ ಮುರಿದ ಮರುದಿನವೂ ಬೆಳಗಾಗುತ್ತದೆ. ಆ ಬೆಳಗನ್ನು ಏನು ಮಾಡುವುದೆಂಬುದಕ್ಕೆ ಕಾವ್ಯದಲ್ಲಿ ಉತ್ತರವಿಲ್ಲ. ಅದನ್ನು ಒಬ್ಬೊಬ್ಬರೂ ತಾವೇ ಕಂಡುಕೊಳ್ಳಬೇಕು.

ಹೆಗಲ ಮೇಲೆ

2008ರ ನವೆಂಬರ್ 2. ಅದೇ ದೆಹಲಿ, ಅದೇ ಕೋಟ್ಲಾ, ಎದುರಿಗೆ ಆಸ್ಟ್ರೇಲಿಯಾ. ಕ್ಯಾಚು ಹಿಡಿಯಲು ಹೋಗಿ ಎಡಗೈಯ ಕಿರುಬೆರಳು ಸೀಳಿತ್ತು, 11 ಹೊಲಿಗೆಗಳು. ಈ ಸಲ ಕುಂಬ್ಳೆಯವರು ದೇಹದ ಮಾತನ್ನು ಕೇಳಿದರು. ಪಂದ್ಯದ ಕೊನೆಯ ದಿನ ನಿವೃತ್ತಿಯನ್ನು ಸಾರಿದರು. ಯಾವಾಗ ಮರಳಬೇಕೆಂಬುದನ್ನು ಬಲ್ಲವನು ಯಾವಾಗ ಹೊರಡಬೇಕೆಂಬುದನ್ನೂ ಬಲ್ಲನು. ಸಂಗಾತಿಗಳು ಅವರನ್ನು ಹೆಗಲ ಮೇಲೆ ಹೊತ್ತು ಮೈದಾನವನ್ನು ಸುತ್ತಿದರು. ತಂಡದ ಭಾರವನ್ನು ಹದಿನೆಂಟು ವರ್ಷ ಹೊತ್ತಿದ್ದ ಭುಜಕ್ಕೆ ಅಂದು ಒಂದು ಗಳಿಗೆ ವಿಶ್ರಾಂತಿ.

ಕೊನೆಯ ಲೆಕ್ಕ ಹೀಗಿದೆ: 132 ಟೆಸ್ಟುಗಳು, 619 ವಿಕೆಟ್ಟುಗಳು. ಇವುಗಳಲ್ಲಿ ಬೆಂಗಳೂರಿನ ಆ 300ನೆಯ ವಿಕೆಟ್ಟಿನ ಅನಂತರ ಬಂದವೇ 319. ಎಂದರೆ ಅರ್ಧಕ್ಕೂ ಹೆಚ್ಚಿನ ಫಸಲು ಶಸ್ತ್ರಚಿಕಿತ್ಸೆಯಾದ ಭುಜದಿಂದಲೇ ಬಂದದ್ದು. ಇನ್ನೂ ಒಂದು ಲೆಕ್ಕವಿದೆ. ಈ 619 ವಿಕೆಟ್ಟುಗಳಿಗಾಗಿ ಅವರು ಎಸೆದ ಚೆಂಡುಗಳು 40,850. ಸರಾಸರಿ 66 ಚೆಂಡುಗಳಿಗೆ ಒಂದು ವಿಕೆಟ್ಟು. ಉಳಿದ 65 ಬರಿಯ ದುಡಿಮೆ.

ಹಟ್ಟಿಯ ಜನರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಟನ್ನುಗಟ್ಟಲೆ ಕಲ್ಲನ್ನು ಮೇಲೆ ತಂದವರಿಗೆ ಚಿನ್ನದ ಒಂದು ಗ್ರಾಮಿನ ಹಿಂದೆ ಏನಿದೆಯೆಂಬುದು ಗೊತ್ತು.